ಹತ್ತಿರದವರೊಬ್ಬರು

ಆ ಬೀದಿಯ ಕ್ಷೌರದಂಗಡಿಯವನಿಗೆ ಜನ ಇಟ್ಟ ಹೆಸರು ರೇಡಿಯೋ. ಬೆಳಿಗ್ಗೆ ಶಟರ್ ಎತ್ತಿದಾಗ ಶುರುವಾದ ಮಾತು ಸಂಜೆ ಶಟರ್ ಇಳಿಸುವಾಗಲೇ ನಿಲ್ಲುತ್ತಿತ್ತು. ಕೈಯಲ್ಲಿ ಕತ್ತರಿ ಕಚಕಚ, ಬಾಯಲ್ಲಿ ಮಾತು ಪಟಪಟ; ಎರಡರಲ್ಲಿ ಯಾವುದು ಮೊದಲು ಮೊಂಡಾಗುತ್ತದೋ ನೋಡೋಣ ಎಂದು ಗಿರಾಕಿಗಳು ತಮಾಷೆ ಮಾಡುತ್ತಿದ್ದರು. ಅವನಿಗೆ ಅದರಿಂದ ಬೇಸರವಿರಲಿಲ್ಲ. ಮನೆಯಲ್ಲಿ ಹೇಳದ್ದನ್ನು ಜನ ತನ್ನ ಕುರ್ಚಿಯಲ್ಲಿ ಕೂತು ಹೇಳುತ್ತಾರೆ ಎಂಬುದೇ ಅವನ ಹೆಮ್ಮೆ. ಮನುಷ್ಯನ ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿ ತಲೆಯ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿದರೆ ಸಾಕು, ಒಳಗಿದ್ದುದೆಲ್ಲ ತಾನಾಗಿ ಹೊರಗೆ ಬರುತ್ತದೆ ಎಂದು ಅವನು ನಂಬಿದ್ದ.

ಅಂಥವನ ಹೆಂಡತಿಗೆ ಒಬ್ಬ ವಕೀಲರು ಬೇಕಾದರು.

ಅವಳು ಹದಿನೆಂಟು ವರ್ಷದಿಂದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ವಿಭಾಗದಲ್ಲಿದ್ದವಳು. ಒಂದರ ಮೇಲೊಂದು ಹಾಸಿದ ಅರವತ್ತು ಪದರ ಬಟ್ಟೆಯನ್ನು ಮೇಷಿನ್ನಿನಲ್ಲಿ ಒಂದೇ ಸಲಕ್ಕೆ, ಗೆರೆ ತಪ್ಪದೆ ಕತ್ತರಿಸುವ ಕೈ ಅವಳದು. ಬ್ಲೇಡಿಗೆ ಅಡ್ಡವಾಗಿರುವ ಗಾರ್ಡ್ ಕಳಚಿದರೆ ಕೆಲಸ ಬೇಗ ಸಾಗುತ್ತದೆಂದು ಸೂಪರ್‌ವೈಸರ್ ಎಲ್ಲ ಮೇಷಿನ್ನುಗಳದ್ದನ್ನೂ ಕಳಚಿಸಿದ. ವಾರ ಕಳೆಯುವುದರೊಳಗೆ ಪಕ್ಕದ ಮೇಜಿನ ಹೊಸ ಹೆಂಗಸೊಬ್ಬಳ ತೋರುಬೆರಳಿನ ತುದಿ ಹೋಯಿತು. ಇವಳು ಕಾರ್ಖಾನೆ ಇನ್‌ಸ್ಪೆಕ್ಟರಿಗೆ ಕೊಡಲೆಂದು ಒಂದು ದೂರು ಬರೆದಿಟ್ಟುಕೊಂಡಳು. ಅದನ್ನು ಕೊಡುವ ಮೊದಲೇ, ಹದಿನೇಳನೇ ತಾರೀಕು ಬುಧವಾರ, ಎರಡು ರೋಲು ಬಟ್ಟೆಯನ್ನು ತಪ್ಪು ಕತ್ತರಿಸಿದ್ದಕ್ಕೆ ಕೆಲಸದಿಂದ ತೆಗೆಯಲಾಗಿದೆ ಎಂಬ ಕಾಗದ ಅವಳ ಕೈಗೆ ಬಂತು. ಅವಳು ಒಂದು ಗೇಣು ಬಟ್ಟೆಯನ್ನೂ ತಪ್ಪು ಕತ್ತರಿಸಿರಲಿಲ್ಲ. ದೂರಿನ ವಿಷಯ ನಮಗೆ ಗೊತ್ತೇ ಇರಲಿಲ್ಲ ಎಂದು ಮಾಲೀಕರು ಸಾಧಿಸಿದರು. ಕೆಲಸ ವಾಪಸು ಬೇಕಿದ್ದರೆ ಮೂವತ್ತು ದಿನದೊಳಗೆ ಕಾರ್ಮಿಕ ನ್ಯಾಯಾಲಯದಲ್ಲಿ ಅರ್ಜಿ ಬೀಳಬೇಕಿತ್ತು.

"ಅವರಿಗೆ ಹೇಗೋ ಗೊತ್ತಾಗಿತ್ತು ರೀ. ಅದಕ್ಕೇ ತೆಗೆದ್ರು," ಎಂದಳು ಅವಳು ಆ ಸಂಜೆ.

"ಯಾರೋ ಬಾಯಿ ಹರುಕ ಹೇಳಿರಬೇಕು ಬಿಡು," ಎಂದ ರೇಡಿಯೋ.

ಅವಳು ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಖಾಲಿ ತಟ್ಟೆ ತೆಗೆದುಕೊಂಡು ಒಳಗೆ ಹೋದಳು.

ಮರುದಿನದಿಂದಲೇ ಅವನು ವಕೀಲರನ್ನು ಹುಡುಕಲು ಟೊಂಕ ಕಟ್ಟಿದ. ಕುರ್ಚಿಯಲ್ಲಿ ಕೂತವರೆಲ್ಲ ಒಬ್ಬೊಬ್ಬರ ಹೆಸರು ಹೇಳುವವರೇ. ಆದರೆ ಮನುಷ್ಯರನ್ನು ಅಳೆಯಲು ಅವನ ಬಳಿ ಇದ್ದದ್ದು ಒಂದೇ ಅಳತೆಗೋಲು: ತಲೆ. ತಲೆ ನೋಡಿ ಮನುಷ್ಯನ ಗುಣ ಹೇಳುತ್ತೇನೆ ಎಂದು ಅವನು ಎಷ್ಟೋ ಸಲ ಪಣ ಕಟ್ಟಿದ್ದುಂಟು. ಸೋತಾಗ ಅದು ತಲೆಯ ತಪ್ಪು ಎನ್ನುತ್ತಿದ್ದ.

ಮೊದಲನೆಯವನು ಬ್ಯಾಂಕಿನ ಕ್ಯಾಷಿಯರ್ ಹೇಳಿದ ವಕೀಲ. ಮೂವತ್ತೈದರ ಆಸುಪಾಸು. ದಟ್ಟವಾದ ಕೂದಲು, ಕಿವಿಯ ಹಿಂದೆ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲದಂತೆ ತಿದ್ದಿಸಿದ ಅಂಚು. ಯಾವನೋ ಕೈ ಪಳಗಿದವನ ಕೆಲಸ ಅದು, ತನ್ನದಲ್ಲ. ಅಲ್ಲೇ ರೇಡಿಯೋನ ಮನಸ್ಸು ಅರ್ಧ ಕೆಟ್ಟಿತು. ವಕೀಲ ಮೇಜಿನ ಮೇಲೆ ಮುಂದಕ್ಕೆ ಬಾಗಿ, ನೀವು ನಿಧಾನವಾಗಿ ಹೇಳಿ ಅಮ್ಮಾ, ನನಗೇನೂ ಅವಸರವಿಲ್ಲ ಎಂದ. ಹೆಂಡತಿ ಹೇಳತೊಡಗಿದಳು. ಗಂಡ ನಡುವೆ ಬಾಯಿ ಹಾಕಿದಾಗಲೆಲ್ಲ ವಕೀಲ ಅವನತ್ತ ಒಮ್ಮೆ ನಕ್ಕು, ಮತ್ತೆ ಅವಳ ಕಡೆಗೇ ತಿರುಗುತ್ತಿದ್ದ. ಮೆಟ್ಟಿಲು ಇಳಿಯುವಾಗ ಹೆಂಡತಿ, ಒಳ್ಳೆಯವರ ಹಾಗೆ ಕಾಣಿಸ್ತಾರೆ ಎಂದಳು.

"ತಲೆ ನೋಡಿದ್ಯಾ? ಅಷ್ಟು ಚೆನ್ನಾಗಿ ತಲೆ ಇಟ್ಕೊಂಡಿರೋನಿಗೆ ಕೇಸು ಓದೋಕೆ ಪುರುಸೊತ್ತೆಲ್ಲಿ? ಇವನು ನಮ್ಮ ತಲೆ ಬೋಳಿಸ್ತಾನೆ ನೋಡು."

"ಅದು ನಿಮ್ಮ ಕೆಲಸ ಅಲ್ವಾ," ಎಂದಳು ಅವಳು. ಆದರೆ ಅಲ್ಲಿಗೆ ಮತ್ತೆ ಹೋಗಲಿಲ್ಲ.

ಎರಡನೆಯವರು ಒಬ್ಬ ಹೆಂಗಸು. ರೇಡಿಯೋಗೆ ಇದು ಒಪ್ಪಿಗೆಯಾಯಿತು. ಇಲ್ಲಿ ಮೈ ಪರಚಿಕೊಳ್ಳುವಂಥದ್ದೇನೂ ಇರಲಿಲ್ಲ. ಆದರೆ ಆಕೆ ಹತ್ತು ನಿಮಿಷ ಕೇಳಿ ಫೈಲು ಮುಚ್ಚಿದರು. ತಾವು ಮನೆ, ಸೈಟು, ಪಾಲುಪಟ್ಟಿಯ ಕೇಸು ನಡೆಸುವವರು. ಕೆಲಸದಿಂದ ತೆಗೆದ ಕೇಸಿನ ದಾರಿಯೇ ಬೇರೆ, ಅದರಲ್ಲಿ ಮುಪ್ಪಾದವರ ಹತ್ತಿರ ಹೋಗಿ ಎಂದು ಒಂದು ಚೀಟಿಯಲ್ಲಿ ವಿಳಾಸ ಬರೆದುಕೊಟ್ಟರು. ಹೀಗೆ ಓಡಾಟದಲ್ಲೇ ಹನ್ನೊಂದು ದಿನ ಕಳೆದಿತ್ತು.

ಚೀಟಿಯ ವಿಳಾಸ ಒಂದು ಸ್ಟೇಷನರಿ ಅಂಗಡಿಯ ಮೇಲಿನ ಮಹಡಿಯದು. ಬಾಗಿಲು ತೆಗೆದಾಗ ಕಂಡ ವಕೀಲರ ತಲೆ ನೋಡಿ ರೇಡಿಯೋಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅರವತ್ತು ದಾಟಿದವರು, ನೆತ್ತಿಯಿಂದ ಕುತ್ತಿಗೆಯವರೆಗೆ ಹುಡುಕಿದರೂ ಒಂದು ಎಳೆ ಇಲ್ಲ. ಕಿವಿಗಳು ಮಾತ್ರ ದೊಡ್ಡವು. ಇವರೇ ಸರಿ ಎಂದು ಅವನು ಹೆಂಡತಿಯ ಮೊಣಕೈ ತಿವಿದ. ವಕೀಲರು ಕೆಲಸದಿಂದ ತೆಗೆದ ಕಾಗದವನ್ನು ಎರಡು ಸಲ ಓದಿದರು. ಆಮೇಲೆ ಅವನತ್ತ ನೋಡಿ, ನೀವು ಸ್ವಲ್ಪ ಹೊರಗೆ ಕೂತಿರಿ ಎಂದರು.

"ನಾನು ಅವಳ ಗಂಡ, ಸ್ವಾಮಿ."

"ಅದಕ್ಕೇ ಹೇಳಿದ್ದು. ಕಕ್ಷಿದಾರರು ಅವರು, ನೀವಲ್ಲ. ಅವರೊಬ್ಬರೇ ಇದ್ದಾಗ ಅವರು ಏನು ಹೇಳ್ತಾರೆ ಅಂತ ನಾನು ಕೇಳಬೇಕು."

ಹೊರಗಿನ ಕೋಣೆಯಲ್ಲಿ ಬೆನ್ನಿಲ್ಲದ ಒಂದು ಬೆಂಚು, ಹಳೆಯ ಫೈಲುಗಳ ರಾಶಿ, ಟೈಪು ಮಾಡುತ್ತಿದ್ದ ಒಬ್ಬ ಗುಮಾಸ್ತೆ ಹುಡುಗಿ. ರೇಡಿಯೋ ಆಕೆಯ ಜೊತೆ ಮಾತಿಗೆ ಇಳಿದ. ಆಕೆ, ಒಂದಕ್ಷರ ತಪ್ಪಿದರೂ ಹಾಳೆ ಮೊದಲಿನಿಂದ ಹೊಡೆಯಬೇಕು ಅಂಕಲ್ ಎಂದಳು. ಹೀಗೆ ಮಾತು ನಿಂತದ್ದರಿಂದ ಅವನಿಗೆ ಒಳಗಿನ ದನಿ ಕೇಳಿಸತೊಡಗಿತು. ಮಾತು ಬಿಡಿಬಿಡಿಯಾಗಿ ತಿಳಿಯುತ್ತಿರಲಿಲ್ಲ, ದನಿ ಮಾತ್ರ. ಹೆಂಡತಿಯ ದನಿ. ಅದು ಏರುತ್ತಿತ್ತು, ಇಳಿಯುತ್ತಿತ್ತು, ನಿಂತು ಯೋಚಿಸಿ ಮತ್ತೆ ಹೊರಡುತ್ತಿತ್ತು, ಯಾರೋ ಪದ್ಯ ಓದಿ ಅರ್ಥ ಹೇಳಿದ ಹಾಗೆ. ಮದುವೆಯಾಗಿ ಇಪ್ಪತ್ತೆರಡು ವರ್ಷವಾಗಿದ್ದರೂ ಅವಳು ಇಷ್ಟು ಹೊತ್ತು ಒಂದೇ ಸಮನೆ ಮಾತಾಡಿದ್ದನ್ನು ಅವನು ಕೇಳಿರಲಿಲ್ಲ. ಇಷ್ಟೊಂದು ಮಾತನ್ನು ಇವಳು ಎಲ್ಲಿಟ್ಟುಕೊಂಡಿದ್ದಳು?

ಅಷ್ಟರಲ್ಲಿ ಒಳಗೆ ಅವಳು ನಕ್ಕಳು.

ಆ ನಗು ಅವನ ಹೊಟ್ಟೆಗೆ ಕೆಂಡದ ಹಾಗೆ ಬಿತ್ತು. ಬೋಳು ತಲೆಯೆಂದು ನಂಬಿ ತಾನೇ ಕೈಹಿಡಿದು ಕರೆತಂದು ಒಳಗೆ ಬಿಟ್ಟೆನಲ್ಲ ಎಂದು ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ. ಅವಳು ಹೊರಬರುವಾಗ ಒಂದು ಗಂಟೆ ನಲವತ್ತು ನಿಮಿಷವಾಗಿತ್ತು. ವಕಾಲತ್ತಿಗೆ ಸಹಿ ಹಾಕಿಯೇ ಬಂದಿದ್ದಳು. ಅವನ ಸಹಿ ಎಲ್ಲೂ ಬೇಕಾಗಿರಲಿಲ್ಲ.

ಅಂದಿನಿಂದ ಮನೆಯಲ್ಲಿ ಎರಡೊತ್ತೂ ವಕೀಲರದೇ ಸ್ಮರಣೆ. ವಕೀಲರು ಹೀಗಂದರು, ವಕೀಲರು ಇದನ್ನು ಕೇಳಿದರು. ನಡೆದದ್ದನ್ನೆಲ್ಲ ತಾರೀಕಿನ ಪ್ರಕಾರ ಬರೆದು ತನ್ನಿ ಎಂದು ಅವರು ಹೇಳಿದ್ದರಿಂದ ಅವಳು ಇನ್ನೂರು ಪುಟದ ನೋಟ್‌ಬುಕ್ಕು ತಂದಳು, ಹೊಸ ಪೆನ್ನು ತಂದಳು. ಕಿಟಕಿಯ ಪಕ್ಕ ಕೂತು ಬರೆಯುತ್ತಿದ್ದಳು. ಬರೆಯುತ್ತ ಒಮ್ಮೊಮ್ಮೆ ತುಟಿ ಅಲುಗಿಸುತ್ತಿದ್ದಳು. ಗಂಡ ಬಂದರೆ ಪುಸ್ತಕ ಮುಚ್ಚುತ್ತಿದ್ದಳು. ವಾರಕ್ಕೆರಡು ಸಲ ಮಹಡಿ ಹತ್ತುತ್ತಿದ್ದಳು, ಹೋಗುವಾಗ ಬೇರೆ ಸೀರೆ ಉಡುತ್ತಿದ್ದಳು. ಕೋರ್ಟಿನವರ ಕಚೇರಿಗೆ ಮನೆಯ ಸೀರೆಯಲ್ಲಿ ಹೋಗೋದಾ ಎಂಬುದು ಅವಳ ಉತ್ತರ. ಉತ್ತರ ಸರಿಯಾಗಿಯೇ ಇತ್ತು, ಅದೇ ಅವನನ್ನು ಇನ್ನಷ್ಟು ಉರಿಸಿತು.

ಒಂದು ಸಂಜೆ ಅವನು ಆ ಮೊದಲನೆಯ ವಕೀಲನ ವಿದ್ಯೆಯನ್ನು ತಾನೇ ಪ್ರಯೋಗಿಸಿದ. ಅವಳ ಎದುರಿಗೆ ಕುರ್ಚಿ ಎಳೆದುಕೊಂಡು, ಮೊಣಕಾಲ ಮೇಲೆ ಕೈಯಿಟ್ಟು ಮುಂದಕ್ಕೆ ಬಾಗಿ, "ನಿಧಾನವಾಗಿ ಹೇಳು. ನಂಗೇನೂ ಅವಸರ ಇಲ್ಲ," ಎಂದ.

"ಏನು ಹೇಳ್ಲಿ?"

"ನಿನಗೇನು ತೋಚುತ್ತೋ ಅದು."

ಅವಳು ಯೋಚಿಸಿದಳು. "ನಾಳೆ ಗ್ಯಾಸ್ ಬುಕ್ ಮಾಡ್ಬೇಕು," ಎಂದಳು.

ಅರ್ಜಿ ಹಾಕಲು ಕೊನೆಯ ದಿನ ಶುಕ್ರವಾರ. ಬುಧವಾರ ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದ ಹೊತ್ತಿನಲ್ಲಿ ರೇಡಿಯೋ ನೋಟ್‌ಬುಕ್ಕು ತೆರೆದ. ಹುಡುಕಿದ್ದು ವಕೀಲರ ಕೈಬರಹವನ್ನು. ಅದು ಒಂದೇ ಒಂದು ಕಡೆ ಇತ್ತು, ಕೆಂಪು ಶಾಯಿಯಲ್ಲಿ, ಒಂದು ಸಾಲಿನ ಪಕ್ಕ. ಆ ಸಾಲು ಹೀಗಿತ್ತು: ಹದಿನಾಲ್ಕನೇ ತಾರೀಕು ಭಾನುವಾರ ಸಂಜೆ, ದೂರು ಕೊಡುವ ವಿಷಯವನ್ನು ನನಗೆ ಹತ್ತಿರದವರೊಬ್ಬರಿಗೆ ಹೇಳಿದೆ. ಮರುದಿನ ಮಧ್ಯಾಹ್ನದ ಹೊತ್ತಿಗೆ ಅದು ಸೂಪರ್‌ವೈಸರರಿಗೆ ತಿಳಿದಿತ್ತು. ಪಕ್ಕದಲ್ಲಿ ವಕೀಲರು ಬರೆದದ್ದು: ಯಾರು? ಇವರು ಸಾಕ್ಷಿಗೆ ಸಿಕ್ಕರೆ ಕೇಸು ಗಟ್ಟಿಯಾಗಿ ನಿಲ್ಲುತ್ತದೆ.

ರೇಡಿಯೋ ಆ ಸಾಲನ್ನು ಮತ್ತೆ ಓದಿದ. ಹತ್ತಿರದವರೊಬ್ಬರು! ಒಬ್ಬಳು ಎಂದಿಲ್ಲ, ಒಬ್ಬ ಎಂದೂ ಇಲ್ಲ, ಒಬ್ಬರು. ಅಷ್ಟು ಗೌರವ ಕೊಟ್ಟು ಬರೆಯುವಂಥವನು ಯಾವನು? ತನಗೆ ಈ ದೂರಿನ ವಿಷಯ ತಿಳಿದದ್ದು ಕೆಲಸ ಹೋದ ಮೇಲೆ ಎಂದೇ ಅವನ ನೆನಪು. ತನಗೂ ಮೊದಲು ಹೇಳಬೇಕಾದಷ್ಟು ಹತ್ತಿರದವನು ಒಬ್ಬ ಇದ್ದಾನೆ. ಅವನೇ ಅವಳಿಗೆ ದ್ರೋಹ ಮಾಡಿದ್ದಾನೆ. ಆದರೂ ಇವಳು ಹೆಸರು ಬಿಟ್ಟುಕೊಡುತ್ತಿಲ್ಲ. ಬೋಳು ತಲೆಯವರ ಮೇಲಿದ್ದ ಅಷ್ಟೂ ಕಿಚ್ಚು ಒಂದೇ ಸಲಕ್ಕೆ ಆ ಕಾಣದ ಮನುಷ್ಯನ ಮೇಲೆ ತಿರುಗಿತು.

ಆ ದಿನ ಅಂಗಡಿಯಲ್ಲಿ ಅವನು ತುಟಿ ಬಿಚ್ಚಲಿಲ್ಲ. ಗಿರಾಕಿಗಳು ರೇಡಿಯೋಗೆ ಬ್ಯಾಟರಿ ಹೋಗಿದೆ ಎಂದು ನಕ್ಕರು. ಅವನು ಮನಸ್ಸಿನಲ್ಲೇ ಕಾರ್ಖಾನೆಯ ಗಂಡಸರನ್ನೆಲ್ಲ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರನ್ನೇ ತಳ್ಳುತ್ತ ಬಂದ. ಕೊನೆಗೆ ಉಳಿದವನು ಮೇಷಿನ್ ರಿಪೇರಿಯ ಮೆಕ್ಯಾನಿಕ್. ಎತ್ತರದ ಆಳು, ಅಂದವಾದ ಮೀಸೆ. ಆ ಮೀಸೆಯನ್ನು ಹದಿನೈದು ದಿನಕ್ಕೊಮ್ಮೆ ತಿದ್ದಿ ತಿದ್ದಿ ಅಂದ ಮಾಡಿದವನು ತಾನೇ ಎಂಬುದು ನೆನಪಾಗಿ ಅವನಿಗೆ ತನ್ನ ಕೈಯನ್ನೇ ಕಚ್ಚಿಕೊಳ್ಳುವಂತಾಯಿತು.

ಗುರುವಾರ ಬೆಳಿಗ್ಗೆ ಮೀಸೆ ತಾನಾಗಿ ಬಂದು ಕುರ್ಚಿಯಲ್ಲಿ ಕೂತ. ರೇಡಿಯೋ ನೊರೆ ಹಚ್ಚಿದ. ಕತ್ತಿಗೆ ಹೊಸ ಬ್ಲೇಡು ಹಾಕಿದ. ಗಂಟಲಿನ ಹತ್ತಿರ ಬಂದಾಗ ನಿಲ್ಲಿಸಿ ಕೇಳಿದ.

"ನಮ್ಮನೆಯವಳ ದೂರಿನ ವಿಷಯ ನಿನಗೆ ಯಾವತ್ತು ಗೊತ್ತಾಯ್ತಪ್ಪಾ?"

"ಅಕ್ಕಂದಾ? ಹದಿನೈದಕ್ಕೆ. ಸೋಮವಾರ."

ಅಕ್ಕ ಎಂದದ್ದು ಕೇಳಿ ಕತ್ತಿ ಅರ್ಧ ಇಂಚು ಹಿಂದೆ ಸರಿಯಿತು. "ಯಾರು ಹೇಳಿದ್ರು?"

"ಸೂಪರ್‌ವೈಸರೇ. ಊಟದ ಹೊತ್ತಲ್ಲಿ ಬಂದು ಹಾರಾಡ್ತಿದ್ರು, ಇವಳು ಇನ್‌ಸ್ಪೆಕ್ಟರ್ ಹತ್ರ ಹೋಗ್ತಾಳಂತೆ ಅಂತ."

"ಅವರಿಗೆ ಯಾರು ಹೇಳಿದ್ರಂತೆ?"

ಮೀಸೆ ಕನ್ನಡಿಯಲ್ಲಿ ಅವನ ಮುಖ ನೋಡಿದ. ಆಮೇಲೆ ಕತ್ತಿ ನೋಡಿದ. "ಅದನ್ನ ಮೊದಲು ಆ ಕಡೆ ಇಡಣ್ಣ."

ರೇಡಿಯೋ ಇಟ್ಟ.

"ಅವರು ಬೆಳಿಗ್ಗೆ ಕಟಿಂಗ್ ಮಾಡಿಸ್ಕೊಂಡು ಬಂದಿದ್ರು. ಇಲ್ಲಿಂದ. ಇದೇ ಕುರ್ಚೀಲಿ ಕೇಳಿದ್ದು ಅಂದ್ರು. ನಿನಗೆ ಗೊತ್ತಿರುತ್ತೆ ಅಂತ ನಾನು ಸುಮ್ಮನಿದ್ದೆ."

ಆ ಸೋಮವಾರ ಸೂಪರ್‌ವೈಸರನ್ನು ನಗಿಸಲು ಹೊಡೆದ ತಮಾಷೆಯೊಂದು ರೇಡಿಯೋಗೆ ಈಗ ನೆನಪಿಗೆ ಬಂತು; ದೂರಿನ ಮಾತು ಅದರೊಳಗೇ ಇತ್ತು. ಮೀಸೆಯ ಕೆನ್ನೆಯ ನೊರೆ ಒಣಗುತ್ತಿತ್ತು. ರೇಡಿಯೋ ಅದನ್ನು ಮತ್ತೆ ನೆನೆಸಿ ಕ್ಷೌರ ಮುಗಿಸಿದ. ಕಾಸು ತೆಗೆದುಕೊಳ್ಳಲಿಲ್ಲ. ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಶಟರ್ ಎಳೆದು ಮನೆಗೆ ನಡೆದ.

ಅವಳು ಕಿಟಕಿಯ ಪಕ್ಕವೇ ಇದ್ದಳು. ಪುಸ್ತಕ ಮುಚ್ಚಲು ಕೈ ಹಾಕಿದಳು.

"ಆ ಹತ್ತಿರದವರು ನಾನೇನಾ?" ಎಂದ ಅವನು ಬಾಗಿಲಲ್ಲೇ ನಿಂತು.

"ಓದಿದ್ರಾ?"

"ಓದಿದೆ. ನಾನೇನಾ?"

"ಮತ್ತೆ ಇನ್ಯಾರಿದ್ದಾರೆ ನಂಗೆ?"

ಅವನು ಅಲ್ಲೇ ಹೊಸ್ತಿಲ ಮೇಲೆ ಕೂತ. ಇಪ್ಪತ್ತೆರಡು ವರ್ಷ ಅವಳು ಅವನ ಹೆಸರು ಹಿಡಿದು ಕರೆದವಳಲ್ಲ. ಪಕ್ಕದ ಮನೆಯವರ ಹತ್ತಿರ ಹೇಳುವಾಗಲೂ ನಮ್ಮವರು, ಅವರು, ಒಬ್ಬರು ಇದ್ದಾರಲ್ಲ ಮನೆಯಲ್ಲಿ ಎಂದೇ ಹೇಳುತ್ತಿದ್ದವಳು. ಅದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಕಾಗದದ ಮೇಲೆ ಕಂಡಾಗ ತನ್ನ ಗುರುತು ತನಗೇ ಸಿಗಲಿಲ್ಲ.

ಹೆಸರು ಯಾಕೆ ಬರೆಯಲಿಲ್ಲ ಎಂದು ಅವನು ಕೇಳಿದ. ವಕೀಲರು ಮೂರು ಸಲ ಕೇಳಿದರೆಂದೂ ಮೂರು ಸಲವೂ ತಾನು ತಲೆಯಾಡಿಸಿದೆನೆಂದೂ ಅವಳು ಹೇಳಿದಳು. ಹೆಸರು ಕೊಟ್ಟರೆ ಸಾಕ್ಷಿಗೆ ಕರೆಯುತ್ತಾರೆ. ಸೂಪರ್‌ವೈಸರರ ಎದುರು ನಿಲ್ಲಿಸುತ್ತಾರೆ.

"ಅಂಗಡೀಲಿ ಆಡಿದ ಮಾತು ಕೋರ್ಟಿಗೆ ಬಂತು ಅಂದ್ರೆ ಆಮೇಲೆ ಆ ಕುರ್ಚೀಲಿ ಯಾರು ಕೂರ್ತಾರೆ ರೀ? ನನ್ನ ಕೆಲಸ ಹೋಗಿದೆ. ನಿಮ್ಮದೂ ಹೋಗ್ಬೇಕಾ?"

"ನಾನು ಹೇಳದೇ ಇದ್ರೆ?"

"ದೂರಿನ ವಿಷಯ ಕಾರ್ಖಾನೆಯವರಿಗೆ ಮೊದಲೇ ಗೊತ್ತಿತ್ತು ಅನ್ನೋಕೆ ಬೇರೆ ಆಧಾರ ಇಲ್ಲ. ಆ ಮೆಕ್ಯಾನಿಕ್ ತಮ್ಮ ಬಂದು ಹೇಳಿದ್ರೆ ಅವನನ್ನೂ ತೆಗೀತಾರೆ. ಅವನಿಗೆ ಎರಡು ಮಕ್ಕಳು." ಪುಸ್ತಕ ಮುಚ್ಚಿ ಸೇರಿಸಿದಳು. "ಅರ್ಜಿ ಹಾಕಬಹುದು. ಆದ್ರೆ ಕೇಸು ನಿಲ್ಲಲ್ಲ ಅಂತಾರೆ ವಕೀಲರು."

ಅವನು ಎದ್ದು ಮುಖ ತೊಳೆದುಕೊಂಡ. ಒಗೆದ ಅಂಗಿ ಹಾಕಿಕೊಂಡ.

ಈ ಸಲ ವಕೀಲರು ಅವನನ್ನು ಹೊರಗೆ ಕಳಿಸಲಿಲ್ಲ. ಎದುರಿನ ಕುರ್ಚಿಯಲ್ಲಿ ಕೂರಿಸಿ, ಬಿಳಿ ಹಾಳೆ ಮುಂದೆ ಎಳೆದುಕೊಂಡು, ಹದಿನೈದನೇ ತಾರೀಕು ಕುರ್ಚಿಯಲ್ಲಿ ಕೂತವರಿಗೆ ಏನು ಹೇಳಿದಿರೋ ಅದನ್ನು ಮಾತ್ರ ಹೇಳಿ ಎಂದರು. ರೇಡಿಯೋ ಅಂದಿನ ಹವೆಯಿಂದ ಶುರುಮಾಡಿದ. ವಕೀಲರು ಕೈ ಎತ್ತಿದರು. ಅವನು ನೀರು ಕುಡಿದು ಮತ್ತೆ ಶುರುಮಾಡಿದ. ಒಮ್ಮೆ ನೆನಪಿಗೆ ಬಂದರೆ ಅವನ ತಮಾಷೆಗಳು ಅಕ್ಷರ ತಪ್ಪದೆ ಬರುತ್ತಿದ್ದವು. "ಸೂಪರ್‌ವೈಸರ್ ಹತ್ರ, 'ಸರ್, ಗಾರ್ಡ್ ತೆಗೆಸಿದ ವಿಷಯ ನಮ್ಮವಳು ಇನ್‌ಸ್ಪೆಕ್ಟರವರೆಗೂ ಒಯ್ತಾಳಂತೆ. ಹುಷಾರು. ಮನೇಲಿ ನಾನೇ ಹೆದರ್ಕೊಂಡಿರ್ತೀನಿ' ಅಂದೆ. ಅವರು ನಕ್ಕರು. ಯಾವಾಗ ಕೊಡ್ತಾಳಂತೆ ಅಂತ ಕೇಳಿದ್ರು. ಈ ವಾರವೇ ಅಂದೆ."

"ಸರಿ," ಎಂದು ವಕೀಲರು ಬರೆದುಕೊಂಡರು. ಗಡಿಯಾರ ನೋಡಲಿಲ್ಲ, ತಲೆ ಎತ್ತಲೂ ಇಲ್ಲ. "ಅದಕ್ಕೆ ಹಿಂದಿನ ಸಂಜೆ ಇವರು ನಿಮಗೆ ಏನು ಹೇಳಿದ್ರು? ಇವರ ಮಾತಲ್ಲೇ."

ರೇಡಿಯೋ ಕುರ್ಚಿಯಲ್ಲಿ ಮುಂದಕ್ಕೆ ಸರಿದ.

ಭಾನುವಾರದ ಸಂಜೆ ನೆನಪಿತ್ತು. ಟೋಪಿ ತೆಗೆಯಲೊಲ್ಲದ ಗಿರಾಕಿಯೊಬ್ಬನ ಕಥೆಯನ್ನು ತಾನು ಹೇಳುತ್ತಿದ್ದದ್ದು ನೆನಪಿತ್ತು; ತಾನೇ ಹೇಳಿ ತಾನೇ ನಕ್ಕದ್ದು ನೆನಪಿತ್ತು. ಅವಳ ಮಾತಿದ್ದ ಜಾಗದಲ್ಲಿ ಮಾತ್ರ ಬರಿದು. ಅವನು ಹೆಂಡತಿಯ ಕಡೆಗೆ ನೋಡಿದ. ಅವಳ ತುಟಿ ಅಲುಗಿತು.

"ನೀವು ಹೇಳಿಕೊಡಬಾರದಮ್ಮ," ಎಂದರು ವಕೀಲರು. "ಅವರಿಗೇ ನೆನಪಾಗಬೇಕು."

ಹೊರಗಿನ ಟೈಪಿನ ಸದ್ದು ಕೇಳುತ್ತಿತ್ತು. ಅವನು ಕಣ್ಣು ಮುಚ್ಚಿಕೊಂಡ. ಗಿರಾಕಿಯ ಕಥೆಯನ್ನು ತಳ್ಳಿದ, ತನ್ನ ನಗುವನ್ನು ತಳ್ಳಿದ, ತನ್ನ ದನಿಯನ್ನು ಒಂದೊಂದೇ ಮಾತಾಗಿ ಆಚೆಗೆ ಸರಿಸುತ್ತ ಹೋದ. ಅದರ ಹಿಂದೆ, ಎಷ್ಟೋ ಹಿಂದೆ, ಅವಳು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಿದ್ದಳು, ಗಾಯಕ್ಕೆ ಬಟ್ಟೆ ಸುತ್ತಿದ ಹಾಗೆ.

"ಆ ಹೆಂಗಸಿನ ಬೆರಳು ಬಟ್ಟೆಯ ಮೇಲೆ ಇತ್ತು ರೀ, ನಾನೇ ಎತ್ತಿದೆ ಅಂದ್ಲು," ಎಂದ ಅವನು, ಕಣ್ಣು ತೆರೆಯದೆ. "ಈ ವಾರ ದೂರು ಕೊಡ್ತೀನಿ ಅಂದ್ಲು." ಅವನ ದನಿ ಇಳಿಯಿತು. "ಯಾರಿಗೂ ಹೇಳ್ಬೇಡಿ, ನಿಮಗೊಬ್ಬರಿಗೇ ಹೇಳ್ತಿರೋದು ಅಂದ್ಲು."

"ನೀವೇನಂದ್ರಿ?"

"ಹೂಂ ಅಂದೆ."

ವಕೀಲರು ಅದನ್ನೂ ಬರೆದರು. ಹೇಳಿಕೆ ಟೈಪಾಗಿ ಬಂದಾಗ ಎಂಟೇ ಸಾಲಿತ್ತು. ಅವಳದು ಹದಿನಾರು ಪುಟ. ಅವನು ಎರಡು ಸಲ ಓದಿ, ಹೂಂ ಎಂದಿದ್ದ ಕಡೆ ಒಂದು ಗಳಿಗೆ ಬೆರಳಿಟ್ಟು, ಕೆಳಗೆ ಸಹಿ ಹಾಕಿದ.

ಶುಕ್ರವಾರ ಬೆಳಿಗ್ಗೆ ಕಾರ್ಮಿಕ ನ್ಯಾಯಾಲಯದ ಕೌಂಟರಿನಲ್ಲಿ ಅರ್ಜಿಗೆ ಮೊಹರು ಬಿತ್ತು. ವಿಚಾರಣೆಗೆ ಮುಂದಿನ ತಿಂಗಳ ತಾರೀಕು ಸಿಕ್ಕಿತು. ಸೂಪರ್‌ವೈಸರ್ ಇನ್ನು ಅಂಗಡಿಗೆ ಬರುವುದಿಲ್ಲ, ಅವನ ಹಿಂದೆ ಇನ್ನೆಷ್ಟು ಜನ ಬಿಡುತ್ತಾರೋ ಗೊತ್ತಿಲ್ಲ ಎಂದು ಅವಳು ಹೇಳಿದಳು. ಬಿಟ್ಟರೆ ಬಿಡಲಿ ಎಂದ ಅವನು. ಹೆಂಡತಿಯೂ ವಕೀಲರೂ ಮುಂದೆ ಹೋಗುತ್ತಿದ್ದರು. ಅವಳು ಏನೋ ಕೇಳುತ್ತಿದ್ದಳು, ಅವರು ದೊಡ್ಡ ಕಿವಿಯನ್ನು ಅವಳ ಕಡೆಗೆ ವಾಲಿಸಿ ನಡೆಯುತ್ತಿದ್ದರು. ಹಿಂದಿನಿಂದ ಆ ಬೋಳು ತಲೆ ನೋಡಿದ ರೇಡಿಯೋಗೆ, ಆಶ್ಚರ್ಯವೆಂಬಂತೆ, ಹೊಟ್ಟೆಯಲ್ಲಿ ಏನೂ ಉರಿಯಲಿಲ್ಲ.

ಅವನ ಕಿಚ್ಚಿಗೆ ಈಗ ಬೇರೆ ಗುರಿ ಸಿಕ್ಕಿತ್ತು. ಒಂದು ಭಾನುವಾರ ಸಂಜೆ, ಇಡೀ ಲೋಕದಲ್ಲಿ ನಿಮಗೊಬ್ಬರಿಗೇ ಎಂದು ಅವಳು ತನ್ನ ಮನಸ್ಸನ್ನು ಯಾರ ಮುಂದೆ ಇಟ್ಟಿದ್ದಳೋ, ಅದನ್ನು ಪಡೆದೂ ಟೋಪಿಯ ಕಥೆಗೆ ನಗುತ್ತ ಕೂತಿದ್ದನಲ್ಲ, ಆ ಮನುಷ್ಯನನ್ನು ನೆನೆದರೆ ಅವನಿಗೆ ತಡೆಯಲಾಗದಷ್ಟು ಹೊಟ್ಟೆಕಿಚ್ಚಾಗುತ್ತಿತ್ತು.